ಕಮೊಡೋರ್ 64ರ ಡೆಡ್ ಟೆಸ್ಟ್ ಕಾರ್ಟ್ರಿಜ್: ಕೊಳ್ಳಬಹುದು, ಆದರೆ ಮೊದಲು ಮೀಟರ್ ಹಿಡಿಯಿರಿ

1980ರ ದಶಕದ ಮನೆಬಳಕೆಯ ಕಂಪ್ಯೂಟರ್ ಕಮೊಡೋರ್ 64ರ ಸ್ವಿಚ್ ಒತ್ತಿದಾಗ ಕೆಂಪು ದೀಪ ಉರಿದೂ ಟಿವಿಯ ಪರದೆ ಕಪ್ಪಾಗಿಯೇ ಉಳಿದರೆ, ಅದಕ್ಕೆ ಕಾರಣಗಳು ಹಲವು. ಎಂಟು ಮೆಮೊರಿ ಚಿಪ್‌ಗಳಲ್ಲಿ ಒಂದು ಹೋಗಿರಬಹುದು, ಯಾವ ವಿಳಾಸಕ್ಕೆ ಯಾವ ಚಿಪ್ ಉತ್ತರಿಸಬೇಕೆಂದು ನಿರ್ಧರಿಸುವ ಪಿಎಲ್‌ಎ ಕೈಕೊಟ್ಟಿರಬಹುದು, ಯಂತ್ರವನ್ನು ಚಾಲೂ ಮಾಡುವ ಪ್ರೋಗ್ರಾಮನ್ನು ಹಿಡಿದಿಟ್ಟ ಕರ್ನಲ್ ರೋಮ್ ಕೆಟ್ಟಿರಬಹುದು, ಪ್ರೊಸೆಸರೇ ಮಲಗಿರಬಹುದು. ಹೊರಗೆ ಕಾಣುವ ಲಕ್ಷಣ ಮಾತ್ರ ಒಂದೇ. ಈ ಗೊಂದಲವನ್ನು ಬಿಡಿಸಲೆಂದು ಕಮೊಡೋರ್ ಸಂಸ್ಥೆ ತನ್ನ ದುರಸ್ತಿಗಾರರಿಗಾಗಿ ಯಂತ್ರದ ಪೋರ್ಟಿಗೆ ಚುಚ್ಚಿ ಪರೀಕ್ಷೆ ನಡೆಸುವ, 781220 ಎಂಬ ಸಂಖ್ಯೆಯ ಡೆಡ್ ಟೆಸ್ಟ್ ಕಾರ್ಟ್ರಿಜನ್ನು ತಯಾರಿಸಿತ್ತು. ಅದರ ನಕಲುಗಳನ್ನು ಈಗ ಹವ್ಯಾಸಿಗಳು ಮಾಡಿ ಮಾರುತ್ತಾರೆ. ನಾನು ತರಿಸಿಕೊಂಡದ್ದು ಅಂಥ ಒಂದು ನಕಲು. ಇದೇ ಬೋರ್ಡಿನಲ್ಲಿ 586220 ಎಂಬ ಇನ್ನೊಂದು ಪರೀಕ್ಷಾ ಪ್ರೋಗ್ರಾಮೂ ಇದ್ದು, ಪುಟ್ಟ ಸ್ವಿಚ್ಚಿನಿಂದ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು.

1982ರಲ್ಲಿ ಬಂದು 1994ರವರೆಗೆ ತಯಾರಾದ, ಒಂದು ಕೋಟಿಗೂ ಹೆಚ್ಚು ಮಾರಾಟವಾದ ಈ ಯಂತ್ರ ನಮ್ಮಲ್ಲಿ ಅಪರೂಪ. ನನ್ನದು ಜರ್ಮನಿಯಿಂದ ಬಂದ ಸೆಕೆಂಡ್‌ಹ್ಯಾಂಡ್ ಯಂತ್ರ. ಪೆಟ್ಟಿಗೆಯ ಒಂದು ಮೂಲೆ ಒಡೆದಿತ್ತು, ಪರದೆಯ ಮೇಲೆ ಏನೂ ಬರುತ್ತಿರಲಿಲ್ಲ. ಅಲ್ಲಿಯದೂ ನಮ್ಮದೂ ಪಾಲ್ ಎಂಬ ಟಿವಿ ಪದ್ಧತಿಯೇ ಆದ್ದರಿಂದ ಹಳೆಯ ಟಿವಿಗೆ ನೇರವಾಗಿ ಜೋಡಿಸಬಹುದೆಂಬುದು ಒಂದು ಅನುಕೂಲ.

ಕಾರ್ಟ್ರಿಜ್ ಚುಚ್ಚುವುದಕ್ಕೆ ಮೊದಲು ಪವರ್ ಸಪ್ಲೈ ಅಳೆಯಲೇಬೇಕು ಎಂಬ ಎಚ್ಚರಿಕೆ ಮಾರಾಟಗಾರರ ಚೀಟಿಯಲ್ಲಿ ಎಲ್ಲೂ ಇಲ್ಲ, ಇದು ನನ್ನ ಮೊದಲ ಆಕ್ಷೇಪ. ಈ ಕಂಪ್ಯೂಟರಿನ ಅಡಾಪ್ಟರ್ 5 ವೋಲ್ಟ್ ಡಿಸಿ ಮತ್ತು 9 ವೋಲ್ಟ್ ಎಸಿ ಎರಡನ್ನೂ ಕೊಡುತ್ತದೆ. ಒಳಭಾಗವನ್ನೆಲ್ಲ ಎಪಾಕ್ಸಿ ಸುರಿದು ಮುಚ್ಚಿರುವುದರಿಂದ ಬಿಸಿ ಹೊರಹೋಗುವುದಿಲ್ಲ, ಬಿಚ್ಚಿ ದುರಸ್ತಿ ಮಾಡುವುದೂ ಕಷ್ಟ. ವಯಸ್ಸಾದ ರೆಗ್ಯುಲೇಟರ್ ಕೆಟ್ಟಾಗ ವೋಲ್ಟೇಜ್ ಕುಸಿಯುವ ಬದಲು ಏರುತ್ತದೆ, ಮತ್ತು ಏರಿದ ವೋಲ್ಟೇಜಿಗೆ ಮೊದಲು ಬಲಿಯಾಗುವುದು ಸಾಮಾನ್ಯವಾಗಿ ಮೆಮೊರಿ ಚಿಪ್‌ಗಳೇ. ಅಡಾಪ್ಟರಿನ ದುಂಡನೆಯ ಡಿನ್ ಪ್ಲಗ್ಗಿನ 5ನೇ ಮತ್ತು 2ನೇ ಪಿನ್ನುಗಳ ನಡುವೆ 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. ಖಾಲಿ ಅಳತೆ ಸರಿಯಾಗಿ ಬಂದರೂ ಲೋಡ್ ಕೊಟ್ಟು ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಬೇಕು. ನನ್ನನ್ನು ಕೇಳಿದರೆ ಹಳೆಯ ಅಡಾಪ್ಟರನ್ನು ನೆನಪಿಗೆಂದು ಎತ್ತಿಟ್ಟು ಹೊಸದನ್ನೇ ಬಳಸುವುದು ಒಳ್ಳೆಯದು.

ಇನ್ನು ಕಾರ್ಟ್ರಿಜ್ ಕೆಲಸ ಮಾಡುವ ರೀತಿ ನಿಜಕ್ಕೂ ಜಾಣತನದ್ದು. ಅದು ಎಕ್ಸ್‌ಪಾನ್ಶನ್ ಪೋರ್ಟಿನ ಗೇಮ್ ಎಂಬ ತಂತಿಯನ್ನು ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಎಳೆದು ಯಂತ್ರವನ್ನು ಅಲ್ಟಿಮ್ಯಾಕ್ಸ್ ಎಂಬ ಸ್ಥಿತಿಗೆ ತರುತ್ತದೆ. ಆಗ ಪ್ರೊಸೆಸರ್ ತನ್ನ ಮೊದಲ ಆದೇಶವನ್ನು ಕರ್ನಲ್ ರೋಮಿನಿಂದಲ್ಲ, ಕಾರ್ಟ್ರಿಜಿನಿಂದಲೇ ಓದಿಕೊಳ್ಳುತ್ತದೆ. ಹೀಗಾಗಿ ಯಂತ್ರದೊಳಗಿನ ಮೂರು ರೋಮ್‌ಗಳು ಸತ್ತಿದ್ದರೂ ಪರೀಕ್ಷೆ ನಡೆಯುತ್ತದೆ. ಸುಮಾರು ಹತ್ತು ಸೆಕೆಂಡು ಪರದೆ ಕಪ್ಪಾಗಿಯೇ ಇರುತ್ತದೆ. ಗೊತ್ತಿಲ್ಲದವರು ಇಲ್ಲಿಯೇ ನಿರಾಶರಾಗಿ ಸ್ವಿಚ್ ಆರಿಸಿಬಿಟ್ಟಾರು. ಮೆಮೊರಿ ಸರಿಯಿದ್ದರೆ ಪರೀಕ್ಷೆಗಳ ಪಟ್ಟಿ ಮೂಡಿ, ಕೊನೆಗೆ ಸಿಡ್ ಎಂಬ ಧ್ವನಿ ಚಿಪ್ಪಿನ ಸ್ವರಗಳು ಟಿವಿಯಲ್ಲಿ ಕೇಳಿಬರುತ್ತವೆ. ಸರಿಯಿಲ್ಲದಿದ್ದರೆ ಪರದೆ ಎಣಿಸಿದಂತೆ ಮಿನುಗಿ, ಸ್ವಲ್ಪ ತಡೆದು, ಮತ್ತೆ ಅಷ್ಟೇ ಸಲ ಮಿನುಗುತ್ತದೆ.

ನನ್ನ ಯಂತ್ರದಲ್ಲಿ ಬಂದದ್ದು ಮೂರು ಮಿನುಗು. ಬೋರ್ಡಿನ ಮೇಲೆ ಅಚ್ಚಾದ ಚಿಪ್ ಗುರುತುಗಳಲ್ಲಿ ಹೇಳುವುದಾದರೆ, ಒಂದು ಮಿನುಗಿದರೆ ಯು12, ಎರಡಾದರೆ ಯು24, ಮೂರಾದರೆ ಯು11, ಹೀಗೆ ಎಂಟರ ಯು21ರವರೆಗೆ ಪಟ್ಟಿಯಿದೆ. ಆದರೆ ಈ ಪಟ್ಟಿ 250407, 250425ರಂಥ, ಎಂಟು ಬಿಡಿ ಚಿಪ್‌ಗಳಿರುವ ಮದರ್‌ಬೋರ್ಡುಗಳಿಗೆ ಮಾತ್ರ ಅನ್ವಯಿಸುತ್ತದೆ. 250466 ಬೋರ್ಡಿನಲ್ಲಿ ಎರಡೇ ಮೆಮೊರಿ ಚಿಪ್‌ಗಳಿದ್ದು ಒಂದೊಂದೂ ನಾಲ್ಕು ಬಿಟ್‌ಗಳನ್ನು ನೋಡಿಕೊಳ್ಳುವುದರಿಂದ, ಅಲ್ಲಿ ಒಂದರಿಂದ ನಾಲ್ಕು ಮಿನುಗು ಒಂದು ಚಿಪ್ಪನ್ನೂ ಐದರಿಂದ ಎಂಟು ಇನ್ನೊಂದನ್ನೂ ಸೂಚಿಸುತ್ತವೆ. ಚೀಟಿಯಲ್ಲಿ ಇದರ ಸುಳಿವೂ ಇಲ್ಲ.

ಮಿನುಗನ್ನು ನಂಬಿ ಕೂಡಲೇ ಬೆಸುಗೆ ಬಿಚ್ಚಬಾರದು. ಮೆಮೊರಿಗೆ ವಿಳಾಸವನ್ನು ಎರಡು ಕಂತಿನಲ್ಲಿ ದಾಟಿಸುವ 74ಎಲ್‌ಎಸ್‌257 ಚಿಪ್‌ಗಳು ಕೆಟ್ಟರೂ ಕಾರ್ಟ್ರಿಜ್ ದೂರುವುದು ಮೆಮೊರಿಯನ್ನೇ. ಆದ್ದರಿಂದ ಮೊದಲು ಬೆರಳಿಟ್ಟು ನೋಡಿದೆ: ಯು11 ಮಾತ್ರ ಅಕ್ಕಪಕ್ಕದವುಗಳಿಗಿಂತ ಎದ್ದು ಕಾಣುವಷ್ಟು ಬಿಸಿಯಾಗಿತ್ತು. ಆಮೇಲೆ ಅದರ ಬೆನ್ನಿನ ಮೇಲೆ ಅದೇ ಜಾತಿಯ ಒಳ್ಳೆಯ 4164 ಮೆಮೊರಿ ಚಿಪ್ಪೊಂದನ್ನು ಕಾಲಿಗೆ ಕಾಲು ತಾಗುವಂತೆ ಕೂರಿಸಿ ಪರೀಕ್ಷಿಸಿದಾಗ ಮಿನುಗಿನ ಲೆಕ್ಕ ಬದಲಾಯಿತು. ಎರಡು ಸಾಕ್ಷಿ ಸಿಕ್ಕ ಮೇಲೆ ಹಳೆಯ ಚಿಪ್ಪಿನ ಹದಿನಾರು ಕಾಲುಗಳನ್ನು ಕತ್ತರಿಸಿ, ಒಂದೊಂದನ್ನೇ ಬಿಸಿ ಮಾಡಿ ಎಳೆದು, ತೂತುಗಳನ್ನು ಚೊಕ್ಕಟ ಮಾಡಿ ಸಾಕೆಟ್ ಹಾಕಿದೆ. ಚಿಪ್ಪನ್ನು ಇಡಿಯಾಗಿ ಉಳಿಸಿಕೊಳ್ಳಲು ಹೋದರೆ ಬೋರ್ಡಿನ ತಾಮ್ರದ ಗೆರೆಗಳು ಕಿತ್ತು ಬರುವ ಅಪಾಯವಿದೆ, ಸತ್ತ ಚಿಪ್ಪಿಗಾಗಿ ಆ ಅಪಾಯ ಯಾಕೆ? ಸಾಕೆಟ್, ಬೆಸುಗೆ ಹೀರುವ ಬತ್ತಿ ಮುಂತಾದವು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುಲಭವಾಗಿ ಸಿಕ್ಕವು. 4164ರಲ್ಲಿ 5 ವೋಲ್ಟ್ ಬರುವುದು 8ನೇ ಕಾಲಿಗೆ, ಗ್ರೌಂಡ್ 16ನೆಯದಕ್ಕೆ. ಹೆಚ್ಚಿನ ತರ್ಕ ಚಿಪ್‌ಗಳಿಗೆ ಇದು ತದ್ವಿರುದ್ಧ, ಆದ್ದರಿಂದ ಮೀಟರಿನ ಮೊನೆ ಇಡುವಾಗ ಗಮನವಿರಲಿ.

ಇದಾದ ಮೇಲೆ ನೀಲಿ ಪರದೆಯೂ ಅದರ ಮೇಲೆ 38911 ಬೈಟ್‌ಗಳು ಖಾಲಿಯಿವೆ ಎಂಬ ಸಾಲೂ ಬಂದವು. ಯಂತ್ರ ಆನ್ ಆಗುವಾಗ ಕರ್ನಲ್ ತಾನೇ ಮೆಮೊರಿಯನ್ನು ತಡಕಿ ನೋಡುವುದರಿಂದ, ಈ ಸಂಖ್ಯೆ ಕಡಿಮೆ ಬಂದರೆ ಅದೂ ದೋಷದ ಸೂಚನೆಯೇ.

ಡೆಡ್ ಟೆಸ್ಟಿನ ದೊಡ್ಡ ಮಿತಿ ಅದರ ಹುಟ್ಟಿನಲ್ಲೇ ಇದೆ. ಅಲ್ಟಿಮ್ಯಾಕ್ಸ್ ಸ್ಥಿತಿಯಲ್ಲಿ ಪ್ರೊಸೆಸರಿಗೆ ಕಾಣುವುದು ಮೊದಲ 4 ಕಿಲೋಬೈಟ್ ಮೆಮೊರಿ ಮಾತ್ರ. ಉಳಿದ 60ರಲ್ಲಿ ಒಂದು ಕೋಶ ಕೆಟ್ಟಿದ್ದರೂ ಅದು ಎಲ್ಲ ಸರಿ ಎಂದೇ ಹೇಳುತ್ತದೆ. ಪಿಎಲ್‌ಎ ಅಥವಾ ಪ್ರೊಸೆಸರ್ ಹೋಗಿದ್ದರೆ ಏನನ್ನೂ ಹೇಳದೆ ಸುಮ್ಮನೆ ಕೂರುವ ಸಂಭವವೇ ಹೆಚ್ಚು. ಪಿಎಲ್‌ಎ ಈ ಯಂತ್ರದಲ್ಲಿ ಬಿಸಿಯಾಗಿ ಕೆಡುವುದಕ್ಕೆ ಹೆಸರಾದ ಭಾಗ ಎಂಬುದನ್ನು ನೆನೆದರೆ ಈ ಕೊರತೆ ಸಣ್ಣದಲ್ಲ.

ಆ ಕಂದಕವನ್ನು ಅರ್ಧ ತುಂಬುವುದು ಸ್ವಿಚ್ಚಿನ ಆಚೆ ಬದಿಯ 586220. ಅದಕ್ಕೆ ಯಂತ್ರ ಒಂದು ಮಟ್ಟಿಗೆ ನಡೆಯುತ್ತಿರಬೇಕು, ಆದರೆ ಮೆಮೊರಿಯನ್ನು ಹೆಚ್ಚು ವಿಸ್ತಾರವಾಗಿ ತಡಕುತ್ತದೆ, ಸುತ್ತುಸುತ್ತಿಗೂ ಫಲಿತಾಂಶ ತೋರಿಸುತ್ತದೆ. ಬಿಸಿಯಾದ ಮೇಲೆ ಮಾತ್ರ ತಲೆದೋರುವ ದೋಷಗಳು ಬೇಸಿಗೆಯ ಮಧ್ಯಾಹ್ನ ಇದನ್ನು ಕೆಲವು ಗಂಟೆ ಓಡಲು ಬಿಟ್ಟರೆ ಬಯಲಾಗುತ್ತವೆ. ಪೋರ್ಟುಗಳಿಗೆಲ್ಲ ಚುಚ್ಚುವ ತಂತಿಗಳ ಕಟ್ಟನ್ನು ಪ್ರತ್ಯೇಕವಾಗಿ ಕೊಳ್ಳದವರಿಗೆ ಕೀಬೋರ್ಡ್, ಜಾಯ್‌ಸ್ಟಿಕ್, ಕ್ಯಾಸೆಟ್ ಪೋರ್ಟುಗಳೆಲ್ಲ ಕೆಟ್ಟಿವೆಯೆಂದೇ ತೋರಿಸುತ್ತದೆ, ಗಾಬರಿಯಾಗಬೇಕಿಲ್ಲ.

ತಯಾರಿಕೆಯ ಬಗ್ಗೆ ಒಂದು ಮಾತು. ನನಗೆ ಬಂದದ್ದು ಕವಚವಿಲ್ಲದ ಬರಿಯ ಬೋರ್ಡು. ಬೆಸುಗೆ ಅಚ್ಚುಕಟ್ಟಾಗಿದೆ, ಆದರೆ ಕವಚವಿಲ್ಲದ ಬೋರ್ಡನ್ನು ಪೋರ್ಟಿಗೆ ತಲೆಕೆಳಗಾಗಿಯೂ ತೂರಿಸಬಹುದು, ಹಾಗೆ ತೂರಿಸಿ ಸ್ವಿಚ್ ಒತ್ತಿದರೆ ಇರುವ ಚಿಪ್‌ಗಳಿಗೂ ಆಪತ್ತು. ಮೇಲ್ಭಾಗ ಯಾವುದೆಂದು ದೊಡ್ಡಕ್ಷರದಲ್ಲಿ ಅಚ್ಚು ಹಾಕಲು ಅವರಿಗೆ ಏನು ಖರ್ಚಾಗುತ್ತಿತ್ತೋ ತಿಳಿಯದು. ಕಾರ್ಟ್ರಿಜಿನ ಬೆಲೆ ಹೆಚ್ಚೇನಲ್ಲ, ಅಂಚೆಯೂ ಸೀಮಾ ಸುಂಕವೂ ಸೇರಿದಾಗ ಮಾತ್ರ ಚುರುಕು ಮುಟ್ಟುತ್ತದೆ. ಒಂದೇ ಯಂತ್ರವಿದ್ದು ಅದು ನಡೆಯುತ್ತಿದ್ದರೆ ಇದು ಬೇಡ. ಕಪ್ಪು ಪರದೆಯ ಯಂತ್ರ ಕೈಯಲ್ಲಿದ್ದು ಬೆಸುಗೆ ಹಾಕಲು ಬರುವವರಾದರೆ ಅವಶ್ಯವಾಗಿ ಕೊಳ್ಳಿ.

ತಂತಿಕಟ್ಟಿಗೆ ಮಾತ್ರ ಹಣ ಹಾಕಬೇಡಿ. ಎರಡನೇ ಜಾಯ್‌ಸ್ಟಿಕ್ ಪೋರ್ಟನ್ನು ಪರೀಕ್ಷಿಸಲು ಬೇಸಿಕ್‌ನಲ್ಲಿ 56320ನೇ ವಿಳಾಸವನ್ನು ಪೀಕ್ ಮಾಡಿ, ಅಂದರೆ ಓದಿ, ಮತ್ತೆ ಮತ್ತೆ ಪ್ರಿಂಟ್ ಮಾಡುವ ಒಂದು ಸಾಲು ಸಾಕು: ಕೈ ಬಿಟ್ಟಾಗ 127, ಮೇಲೆ ತಳ್ಳಿದರೆ 126, ಕೆಳಗೆ 125, ಎಡಕ್ಕೆ 123, ಬಲಕ್ಕೆ 119, ಗುಂಡಿ ಒತ್ತಿದರೆ 111 ಬರಬೇಕು. ಬೇರೊಂದು ಜಾಯ್‌ಸ್ಟಿಕ್ ಹಾಕಿದರೂ ಇವುಗಳಲ್ಲಿ ಒಂದು ಬಾರದಿದ್ದರೆ ಪೋರ್ಟಿನ ಪಿನ್ನುಗಳನ್ನೂ ಅದನ್ನು ಓದುವ 6526 ಚಿಪ್ಪನ್ನೂ ನೋಡಬೇಕಾಗುತ್ತದೆ.