5600ಜಿ ಒಂದೇ ಸಾಕಾ, ಕಾರ್ಡ್ ಬೇಕಾ?

ತಮ್ಮಾ, ಗೇಮ್ ಆಡೋ ಕಂಪ್ಯೂಟರಿಗೆ ರೈಜನ್ 5 5600ಜಿ ಪ್ರೊಸೆಸರ್ ಒಂದೇ ತಗೊಳ್ಳಲಾ, ಇಲ್ಲ ಐ3 12100ಎಫ್ ಪ್ರೊಸೆಸರ್ ಜೊತೆ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಹಾಕಿಸಲಾ ಅಂತ ಕೇಳಿದ್ದೀಯಲ್ಲ. ದುಡ್ಡಿನ ಲೆಕ್ಕದಲ್ಲಿ 5600ಜಿ ಹಗುರ. ಪರದೆಗೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ ಅದರೊಳಗೇ ಇದೆ, ಕಾರ್ಡಿನ ಖರ್ಚೇ ಇಲ್ಲ. ಆದರೆ ಆ ಗ್ರಾಫಿಕ್ಸ್ ರ್‍ಯಾಮನ್ನೇ ಹಂಚಿಕೊಂಡು ಓಡುತ್ತದೆ, ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಬೇಡ, 8ರ ಎರಡು ಹಾಕಿಸು, ಎರಡಿದ್ದರೆ ಅದಕ್ಕೆ ವೇಗ ಸಿಗುತ್ತದೆ; ನಾನು ಒಂದೇ ಹಾಕಿಸಿಕೊಂಡು, ಗೇಮ್ ತಡವರಿಸಿದಾಗಲೆಲ್ಲ ಎರಡು ತಿಂಗಳು ಸುಮ್ನೆ ಇಂಟರ್ನೆಟ್ಟನ್ನು ಬೈದೆ.

ಆಟ ಯಾವುದು ಅನ್ನೋದೇ ಮುಖ್ಯ. ವ್ಯಾಲರಂಟ್, ಜಿಟಿಎ 5 ಅಷ್ಟೇ ಆದರೆ, ಸೆಟ್ಟಿಂಗ್ ಇಳಿಸಿಕೊಂಡು 5600ಜಿಯಲ್ಲೇ ಆಡಬಹುದು. ಸೈಬರ್‌ಪಂಕ್ ಥರದ ಭಾರೀ ಗೇಮ್ 1080ಪಿಯಲ್ಲಿ, ಅಂದರೆ ಫುಲ್ ಎಚ್‌ಡಿಯಲ್ಲಿ, ಚೆನ್ನಾಗಿ ಬೇಕು ಅಂದರೆ 8 ಜಿಬಿಯ 6600 ಬೇಕೇ ಬೇಕು. ಒಂದು ತೊಂದರೆ, 12100ಎಫ್‌ನಲ್ಲಿ ಗ್ರಾಫಿಕ್ಸೇ ಇಲ್ಲ, ಕಾರ್ಡ್ ಕೆಟ್ಟರೆ ಪರದೆ ಕಪ್ಪು.

ನಮ್ಮ ಕಲಬುರಗಿ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ. ಕಾರ್ಡೊಂದೇ 132 ವ್ಯಾಟ್ ಎಳೆಯುತ್ತದೆ, ಅದಕ್ಕೆ ಮುಂದೆ ಜಾಲರಿ ಇರುವ ಕ್ಯಾಬಿನೆಟ್ಟು, ಒಳ್ಳೆ ಕಂಪನಿಯ 550 ವ್ಯಾಟ್ ಪವರ್ ಸಪ್ಲೈ ಬೇಕು. ಇಲ್ಲಿ ಮಾತ್ರ ಜಿಪುಣತನ ಬೇಡ. 5600ಜಿಗೆ ಈ ತಲೆನೋವು ಕಡಿಮೆ.

ಹಾಸ್ಟೆಲ್ ಹುಡುಗ, ಓದಿನ ಜೊತೆ ಸ್ವಲ್ಪ ಆಟ ಅಂದರೆ 5600ಜಿ ತಗೋ, ದುಡ್ಡು ಕೂಡಿದಾಗ ಕಾರ್ಡ್ ಸೇರಿಸು. ದೊಡ್ಡ ಗೇಮೇ ಗುರಿ ಇದ್ದರೆ ಮೂರು ತಿಂಗಳು ತಡೆದು 6600ಕ್ಕೇ ಹೋಗು.