ನೈಲಾನ್ ಜಾಕೆಟ್, ಲೈಕ್ರಾ ಜೆರ್ಸಿಗೆ ಪ್ರಿಂಟ್ ಹಾಕಿಸುವ ಮುಂಚೆ ಇದನ್ನು ಓದಿ

ಪಾಂಡವಪುರದ ಹತ್ತಿರ ನಮ್ಮೂರು. ಈ ಸಲ ಕಬಡ್ಡಿ ತಂಡದ ಬಟ್ಟೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಆಡುವ 7 ಜನ, ಹೊರಗೆ ಕೂರುವ 5 ಜನ, ಒಟ್ಟು 12 ಜೆರ್ಸಿ. ಬೆಳಗಿನ ಚಳಿಗೆ ಅಂತ 12 ನೈಲಾನ್ ಜಾಕೆಟ್ ಬೇರೆ. ದುಡ್ಡು ಊರಿನವರದ್ದು, ಕಬ್ಬಿನ ಬಿಲ್ ಬಂದ ವಾರ ಒಬ್ಬೊಬ್ಬರು ನೂರು ಇನ್ನೂರು ಅಂತ ಕೈಗಿಟ್ಟದ್ದು. ಅದಕ್ಕೇ ಇಷ್ಟು ಸಂಕಟ.

ಮೈಸೂರಿನ ಒಂದು ಅಂಗಡಿಗೆ ಕೊಟ್ಟೆ. ಅವರು ಹಾಕಿದ್ದ ಕಾಟನ್ ಟೀ ಶರ್ಟ್ ನೋಡಿದ್ದೆ, ಚೆನ್ನಾಗಿತ್ತು. "ಎಲ್ಲಾ ಬಟ್ಟೆಗೂ ಹಾಕ್ತೀವಿ ಸರ್, ಏನೂ ಆಗಲ್ಲ" ಅಂದರು. ಯಾವ ಇಂಕ್ ಅಂತ ನಾನು ಕೇಳಲಿಲ್ಲ, ಒಂದು ಪೀಸ್ ಮಾಡಿ ತೋರಿಸಿ ಅಂತಲೂ ಹೇಳಲಿಲ್ಲ.

ತಂದ ದಿನ ಕೆಂಪು ಜೆರ್ಸಿ ಮೇಲೆ ನಂಬರ್ ಬೆಳ್ಳಗೆ ಹೊಳೆಯುತ್ತಿತ್ತು. ನಾಲ್ಕು ದಿನ ಬಿಟ್ಟು ಚೀಲ ಬಿಚ್ಚಿದರೆ ಅದೇ ನಂಬರ್ ರೋಜಾ ಬಣ್ಣಕ್ಕೆ ತಿರುಗಿದೆ. ಒಂದು ಸಲವೂ ಒಗೆದಿರಲಿಲ್ಲ! ಮೊದಲ ದಿನದ ಅಭ್ಯಾಸದಲ್ಲೇ ರೈಡರ್‌ನ ಸೊಂಟ ಹಿಡಿದು ಕೆಡವಿದರು, ಜೆರ್ಸಿ ಹಿಗ್ಗಿತು, ಬೆನ್ನಿನ ನಂಬರ್ ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿತು.

ಜಾಕೆಟ್ ಕಥೆ ಇನ್ನೂ ಕಷ್ಟ. ಒಬ್ಬ ಹುಡುಗನ ಅವ್ವ ವಿ.ಸಿ. ನಾಲೆಯಲ್ಲಿ ಅದ್ದಿ ಹಿಂಡಿದ್ದಷ್ಟೇ, ಊರಿನ ಹೆಸರು ಹಾಲಿನ ಕೆನೆ ಎತ್ತಿದ ಹಾಗೆ ಎದ್ದು ಬಂತು. ಪಾಪ, ತನ್ನದೇ ತಪ್ಪು ಅಂದುಕೊಂಡು ಆಕೆ ಎರಡು ದಿನ ನನಗೆ ಹೇಳಲೇ ಇಲ್ಲ. ಮೂರು ಜಾಕೆಟ್‌ಗೆ ಇಂಕ್ ಬದಲು ವಿನೈಲ್, ಅಂದರೆ ಬಿಸಿ ಕೊಟ್ಟು ಅಂಟಿಸುವ ಪ್ಲಾಸ್ಟಿಕ್ ಹಾಳೆ, ಒತ್ತಿದ್ದರು. ಅಲ್ಲಿ ಹೀಟ್ ಪ್ರೆಸ್ ತಟ್ಟೆಯ ಚೌಕದ ಗುರುತು ಹಾಗೇ ಉಳಿದಿದೆ, ಸುತ್ತ ಬಟ್ಟೆ ಸುರುಟಿಕೊಂಡಿದೆ. ಅಂಗಡಿಯವರನ್ನು ಕೇಳಿದರೆ "ನೀವು ಒಗೆದಿದ್ದು ಸರಿ ಇಲ್ಲ" ಅಂದರು. ಬಿಸಿ ತಾಗಿ ಸುರುಟಿದ್ದಕ್ಕೂ ಒಗೆಯುವುದಕ್ಕೂ ಏನು ಸಂಬಂಧ ಹೇಳಿ?

ಆಮೇಲೆ ಮಂಡ್ಯದಲ್ಲಿ ತುಂಬಾ ವರ್ಷದಿಂದ ಸ್ಕ್ರೀನ್ ಪ್ರಿಂಟ್ ಮಾಡುವ ಒಬ್ಬ ಹಿರಿಯರಿಗೆ ಎರಡನ್ನೂ ತೋರಿಸಿದೆ. ಉಗುರಿನಲ್ಲಿ ಒಂದು ಸಲ ಕೆರೆದು ನೋಡಿ, "ಕಾಟನ್ ಇಂಕ್ ಹಾಕವ್ರೆ ಕಣಪ್ಪ" ಅಂದರು. ಹತ್ತಿಯ ನೂಲಿನ ಸಂದಿಗೆ ಇಂಕ್ ಇಳಿದು ಹಿಡಿದುಕೊಳ್ಳುತ್ತದೆ. ನೈಲಾನ್ ಎಳೆ ನುಣುಪು, ಜಾಕೆಟ್ ಆದರೆ ಮೇಲೆ ನೀರು ನಿಲ್ಲದ ಲೇಪ ಬೇರೆ ಇರುತ್ತದೆ. ಅದಕ್ಕೆ ನೈಲಾನ್‌ದೇ ಇಂಕ್ ಬೇಕು, ಆ ಇಂಕ್ ಗಟ್ಟಿಯಾಗಿ ಹಿಡಿಯಲು ಹಾರ್ಡನರ್ ಅನ್ನುವುದನ್ನು ಬೆರೆಸಬೇಕು, ಬೆರೆಸಿದ್ದನ್ನು ಕೆಲವೇ ಗಂಟೆಯಲ್ಲಿ ಮುಗಿಸಬೇಕು, ನಾಳೆಗೆ ಇಟ್ಟರೆ ಕೆಡುತ್ತದೆ. ಪ್ರಿಂಟ್ ಹಾಕುವ ಜಾಗವನ್ನು ಮೊದಲು ಆಲ್ಕೋಹಾಲ್‌ನಲ್ಲಿ ಒರೆಸಿಕೊಳ್ಳುವವರೂ ಇದ್ದಾರೆ.

ರೋಜಾ ಬಣ್ಣದ ಗುಟ್ಟೂ ಗೊತ್ತಾಯಿತು. ನಮ್ಮ ಜೆರ್ಸಿ ಪಾಲಿಯೆಸ್ಟರ್ ಬೆರೆತ ಲೈಕ್ರಾ, ಎಳೆದರೆ ಹಿಗ್ಗುವ ಬಟ್ಟೆ. ಕಾಟನ್ ಟೀ ಶರ್ಟ್‌ಗೆ ಹಾಕುವ ಮಾಮೂಲಿ ಪ್ಲಾಸ್ಟಿಸಾಲ್ (ಪ್ಲಾಸ್ಟಿಕ್ ಬೆರೆತ) ಇಂಕ್ ಗಟ್ಟಿಯಾಗಲು ಸುಮಾರು 160 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಆ ಬಿಸಿಗೆ ಪಾಲಿಯೆಸ್ಟರ್‌ನ ಕೆಂಪು ಬಣ್ಣ ಆವಿಯಾಗಿ ಮೇಲಿನ ಬಿಳಿ ಇಂಕಿನೊಳಗೆ ಸೇರಿಕೊಳ್ಳುತ್ತದೆ. ಅಂಗಡಿಯಲ್ಲಿ ಕಾಣದೇ ಇದ್ದದ್ದು ದಿನ ಕಳೆದ ಮೇಲೆ ಕಾಣಬಹುದು. ಇದನ್ನು ತಡೆಯಲು ಲೋ ಬ್ಲೀಡ್ ಇಂಕ್ ಬರುತ್ತದೆ, ಬಿಳಿಯ ಕೆಳಗೆ ಬೂದು ಬಣ್ಣದ ಬ್ಲಾಕರ್ ಪದರ ಹಾಕುವುದೂ ಉಂಟು, ಕಡಿಮೆ ಬಿಸಿಗೆ ಗಟ್ಟಿಯಾಗುವ ಇಂಕೂ ಸಿಗುತ್ತದೆ. ಹಿಗ್ಗುವ ಬಟ್ಟೆಗೆ ಹಿಗ್ಗುವ ಇಂಕ್ ಅಥವಾ ಸ್ಟ್ರೆಚ್ ವಿನೈಲ್ ಬೇಕೇ ಬೇಕು, ಇಲ್ಲದಿದ್ದರೆ ಬಟ್ಟೆ ಒಂದು ಕಡೆ ಪ್ರಿಂಟ್ ಒಂದು ಕಡೆ.

ಹಾಗಾಗಿ ಮುಂಗಡ ಕೊಡುವ ಮೊದಲು ನಿಮ್ಮದೇ ಬಟ್ಟೆಯ ಮೇಲೆ ಒಂದು ಪೀಸ್ ಮಾಡಿಸಿಕೊಳ್ಳಿ. ಒಂದೆರಡು ದಿನ ಬಿಟ್ಟು ಅಡ್ಡಕ್ಕೂ ಉದ್ದಕ್ಕೂ ಎಳೆಯಿರಿ. ಸೆಲ್ಲೋ ಟೇಪ್ ಅಂಟಿಸಿ ಸರಕ್ಕನೆ ಕೀಳಿರಿ. ನಾಲ್ಕೈದು ಸಲ ಒಗೆಯಿರಿ. ಗಾಢ ಬಣ್ಣದ ಪಾಲಿಯೆಸ್ಟರ್ ಆದರೆ ಒಂದು ವಾರವಾದರೂ ಕಾಯಿರಿ. "ಅರ್ಜೆಂಟ್ ಇದೆ, ಸ್ಯಾಂಪಲ್ ಯಾಕೆ" ಅನ್ನುವವರಿಗೆ ದಯವಿಟ್ಟು ಕೊಡಬೇಡಿ.

ಈ ಬಟ್ಟೆ ಹಾಕಿಕೊಂಡು ಆಡಬೇಕಿದ್ದ ಪಂದ್ಯವನ್ನು ನಮ್ಮ ಹುಡುಗರು ಹಳೇ ಬನಿಯನ್‌ಗೆ ಪಿನ್ ಹಾಕಿದ ನಂಬರ್‌ನಲ್ಲಿ ಆಡಿದರು. ಈಗ ಮಂಡ್ಯದ ಆ ಹಿರಿಯರ ಹತ್ತಿರ ಒಂದೇ ಒಂದು ಜೆರ್ಸಿ ಮಾಡಿಸಿದ್ದೇನೆ. ಐದು ಸಲ ಒಗೆದಾಯಿತು, ಬಿಳಿ ಬಿಳಿಯಾಗೇ ಇದೆ. ಭಾನುವಾರದವರೆಗೆ ನೋಡಿ ಉಳಿದ 11 ಕೊಡುತ್ತೇನೆ.