ವೈಫೈ ಭದ್ರತೆಯ ಪರೀಕ್ಷೆಗೆ ಮೂರು ತಂತ್ರಾಂಶಗಳು: ಏರ್‌ಕ್ರ್ಯಾಕ್-ಎನ್‌ಜಿ, ಕಿಸ್ಮೆಟ್, ವೈರ್‌ಶಾರ್ಕ್

ತಮ್ಮ ವೈಫೈ ಎಷ್ಟು ಭದ್ರವಾಗಿದೆ ಎಂದು ತಾವೇ ಪರೀಕ್ಷಿಸಿಕೊಳ್ಳಲು ಹೊರಟವರು ತಂತ್ರಾಂಶ ಆರಿಸುವ ಮೊದಲು, ಕಂಪ್ಯೂಟರಿನ ವೈಫೈ ಕಾರ್ಡು ಮಾನಿಟರ್ ಮೋಡ್‌ಗೆ ಹೋಗುತ್ತದೆಯೇ ಎಂದು ನೋಡಿಕೊಳ್ಳಬೇಕು. ಸಾಮಾನ್ಯ ಸ್ಥಿತಿಯಲ್ಲಿ ಕಾರ್ಡು ತಾನು ಸೇರಿಕೊಂಡ ಜಾಲವನ್ನಷ್ಟೇ ಆಲಿಸುತ್ತದೆ. ಮಾನಿಟರ್ ಮೋಡ್‌ನಲ್ಲಿ ಮಾತ್ರ ಆ ಚಾನೆಲ್‌ನಲ್ಲಿ ತನ್ನ ಕಿವಿಗೆ ಬಿದ್ದ ಎಲ್ಲ ಫ್ರೇಮುಗಳನ್ನೂ, ಅಂದರೆ ವೈಫೈ ಸಾಗಿಸುವ ಮಾಹಿತಿಯ ತುಣುಕುಗಳನ್ನೂ, ಹಿಡಿದುಕೊಡುತ್ತದೆ. ಲಿನಕ್ಸ್‌ನಲ್ಲಿ ಇದಕ್ಕೆ ಒಗ್ಗುವ ಡ್ರೈವರ್‌ಗಳು ಹೆಚ್ಚು. ವಿಂಡೋಸ್‌ನಲ್ಲಿ ಫ್ರೇಮು ಹಿಡಿಯಲು ನೆರವಾಗುವ ಎನ್‌ಪಿಕ್ಯಾಪ್ ಹಾಕಿಕೊಂಡರೂ ಕೆಲವು ಕಾರ್ಡುಗಳಷ್ಟೇ ಮಾತು ಕೇಳುತ್ತವೆ. ವರ್ಚುವಲ್ ಮಷೀನ್‌ನಲ್ಲಿ (ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ನಡೆಯುವ ಇನ್ನೊಂದು ಕಂಪ್ಯೂಟರ್) ಭದ್ರತಾ ಪರೀಕ್ಷೆಗೆಂದೇ ಇರುವ ಕಾಲಿ ಲಿನಕ್ಸ್ ನಡೆಸುವವರಿಗೆ ಲ್ಯಾಪ್‌ಟಾಪಿನ ಒಳಗಿನ ಕಾರ್ಡು ಬರೀ ತಂತಿ ಜಾಲದ ಕಾರ್ಡಿನಂತೆ ಕಾಣುವುದರಿಂದ, ಪ್ರತ್ಯೇಕ ಯುಎಸ್‌ಬಿ ಅಡಾಪ್ಟರ್ ಬೇಕೇ ಬೇಕು.

ಏರ್‌ಕ್ರ್ಯಾಕ್-ಎನ್‌ಜಿ ಹೆಚ್ಚು ಹೆಸರಾದದ್ದು. ವೈಫೈನ ಹಳೆಯ ಗೂಢಲಿಪಿ ವಿಧಾನವಾದ ಡಬ್ಲ್ಯುಇಪಿ ಭದ್ರತೆಯ ದೌರ್ಬಲ್ಯ 2001ರಲ್ಲೇ ಬಯಲಾಗಿದ್ದು, ಅದನ್ನು ಈ ತಂತ್ರಾಂಶ ನಿಮಿಷಗಳಲ್ಲಿ ಮುರಿಯುತ್ತದೆ. ನಂತರ ಬಂದ, ಅದಕ್ಕಿಂತ ಗಟ್ಟಿಯಾದ ಡಬ್ಲ್ಯುಪಿಎ2ರ ವಿಷಯ ಬೇರೆ. ಸಾಧನವೊಂದು ಜಾಲ ಸೇರುವಾಗ ನಡೆಯುವ ನಾಲ್ಕು ಸಂದೇಶಗಳ ವಿನಿಮಯವನ್ನು ಹಿಡಿದಿಟ್ಟು, ಪದಪಟ್ಟಿಯ ಒಂದೊಂದು ಪದವನ್ನೂ 4096 ಸುತ್ತಿನ ಲೆಕ್ಕಕ್ಕೆ ಒಡ್ಡಿ ಅದು ತಾಳೆ ನೋಡುತ್ತದೆ. ಆದ್ದರಿಂದ ಇದು ಅಳೆಯುವುದು ಜಾಲವನ್ನಲ್ಲ, ನಾವು ಇಟ್ಟ ಪಾಸ್‌ವರ್ಡನ್ನು. ಪಟ್ಟಿಯಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಪಾಸ್‌ವರ್ಡ್ ಗಟ್ಟಿಯೆಂದು ನಂಬುವಂತಿಲ್ಲ. ಸಾಧನಗಳ ಸಂಪರ್ಕ ಕಡಿದು ಮತ್ತೆ ಸೇರುವಂತೆ ಮಾಡುವ ಸೌಲಭ್ಯವೂ ಇದರಲ್ಲಿದೆ. ಅನುಮತಿಯಿಲ್ಲದೆ ಬೇರೆಯವರ ಜಾಲದ ಮೇಲೆ ಅದನ್ನು ಬಳಸುವುದು ಅಪರಾಧವಾದೀತು.

ನನಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಕಿಸ್ಮೆಟ್. ಅದು ತಾನಾಗಿ ಏನನ್ನೂ ಪ್ರಸಾರ ಮಾಡದೆ ಆಲಿಸುತ್ತದೆ, ಕಂಡದ್ದನ್ನೆಲ್ಲ ಬ್ರೌಸರ್‌ನಲ್ಲಿ 2501ನೇ ಪೋರ್ಟಿನಲ್ಲಿ ಪಟ್ಟಿಯಾಗಿ ತೋರಿಸುತ್ತದೆ. ನಮ್ಮ ಕಚೇರಿಯಲ್ಲಿ ಒಂದು ಮಧ್ಯಾಹ್ನ ಇದನ್ನು ನಡೆಸಿದಾಗ, ರೂಟರಿನ ಎರಡು ಹೆಸರುಗಳ ಜೊತೆಗೆ ಗೂಢಲಿಪೀಕರಣವೇ ಇಲ್ಲದ ಮೂರನೆಯದೊಂದು ಕಾಣಿಸಿತು. ಲ್ಯಾಪ್‌ಟಾಪ್ ಹಿಡಿದು ಕೊಠಡಿಯಿಂದ ಕೊಠಡಿಗೆ ನಡೆಯುತ್ತಾ ಹೋದಂತೆ ಮೈನಸ್ 70 ಡಿಬಿಎಂ ಆಸುಪಾಸಿನಲ್ಲಿದ್ದ ಅದರ ಸಿಗ್ನಲ್ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು), ಪ್ರಿಂಟರಿನ ಪಕ್ಕ ನಿಂತಾಗ ಮೈನಸ್ 35ಕ್ಕೆ ಬಂತು. ಪ್ರಿಂಟರನ್ನು ಮೊದಲ ಬಾರಿ ಜೋಡಿಸಲೆಂದು ತೆರೆದ ಜಾಲವನ್ನು ಯಾರೂ ಮುಚ್ಚಿರಲೇ ಇಲ್ಲ! ಪಾಸ್‌ವರ್ಡ್ ಮುರಿಯುವ ಯಾವ ತಂತ್ರಾಂಶವೂ ಇದನ್ನು ನನಗೆ ಹೇಳುತ್ತಿರಲಿಲ್ಲ. ಒಂದೇ ಅಡಾಪ್ಟರ್ ಚಾನೆಲ್‌ನಿಂದ ಚಾನೆಲ್‌ಗೆ ಜಿಗಿಯುತ್ತಿರುವಾಗ ಉಳಿದ ಚಾನೆಲ್‌ಗಳ ಫ್ರೇಮುಗಳು ಕೈತಪ್ಪುವುದರಿಂದ, ಅವಸರಪಡದೆ ಗಂಟೆಗಟ್ಟಲೆ ಬಿಡುವುದು ಲೇಸು.

ಹಿಡಿದ ಫ್ರೇಮುಗಳನ್ನು ಸೂಕ್ಷ್ಮವಾಗಿ ಓದಬೇಕಾದಾಗ ವೈರ್‌ಶಾರ್ಕ್‌ಗೆ ಸಮನಾದುದಿಲ್ಲ. ಪಾಸ್‌ವರ್ಡ್ ಮತ್ತು ಆ ನಾಲ್ಕು ಸಂದೇಶಗಳು ಕೈಯಲ್ಲಿದ್ದರೆ ಡಬ್ಲ್ಯುಪಿಎ2 ಫ್ರೇಮುಗಳನ್ನು ಅದು ಬಿಡಿಸಿ ತೋರಿಸುತ್ತದೆ. 2018ರಲ್ಲಿ ಬಂದ ಡಬ್ಲ್ಯುಪಿಎ3ರಲ್ಲಿ ಪ್ರತಿ ಸೇರ್ಪಡೆಗೂ ಹೊಸ ಕೀಲಿ ಹುಟ್ಟುವುದರಿಂದ ಪಾಸ್‌ವರ್ಡ್ ತಿಳಿದಿದ್ದರೂ ಹಾಗೆ ಬಿಡಿಸಲಾಗದು. ಆದರೆ ತನ್ನ ಹೆಸರು, ಭದ್ರತೆಯ ವಿವರಗಳನ್ನು ಸಾರಲು ರೂಟರ್ ಬಿತ್ತರಿಸುವ ಬೀಕನ್ ಫ್ರೇಮನ್ನು ತೆರೆದು ನೋಡಬಹುದು. ನಮ್ಮ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಡಬ್ಲ್ಯುಪಿಎ3 ಎಂದೇ ಬರೆದಿತ್ತು. ಬೀಕನ್‌ನಲ್ಲಿ ಮಾತ್ರ ಡಬ್ಲ್ಯುಪಿಎ2ಕ್ಕೂ ಬಾಗಿಲು ತೆರೆದೇ ಇತ್ತು, ಸಂಪರ್ಕ ಕಡಿಯುವಂಥ ನಿರ್ವಹಣಾ ಫ್ರೇಮುಗಳ ರಕ್ಷಣೆ 'ಸಾಧ್ಯ' ಎಂದಿತ್ತೇ ಹೊರತು 'ಕಡ್ಡಾಯ' ಎಂದಿರಲಿಲ್ಲ.